ಕಬ್ಬಿನ ಬಿಲ್ಲು, ಮಾಸ್ತರ ಬಿಲ್ಲು

ಇವತ್ತು ಬೆಳಿ ಮಾತು ಬ್ಯಾಡ, ಸಾಲಿ ಮಾತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಸರ್ಕಾರಿ ಸಾಲ್ಯಾಗ ಕಾಯಂ ಹುದ್ದೆ ಖಾಲಿ ಇದ್ದಲ್ಲಿ ಪಾಠ ಹೇಳೋರು ಅತಿಥಿ ಶಿಕ್ಷಕರು. ಹೆಚ್ಚಿನವರು ಮೊನ್ನೆ ಮೊನ್ನೆ ಡಿ.ಇಡಿ., ಬಿ.ಇಡಿ. ಮುಗಿಸಿದ ನಮ್ಮ-ನಿಮ್ಮ ಮನಿ ಮಕ್ಕಳು. ಪದವೀಧರರನ್ನ ಎರಡು ವರ್ಷ ಬಡ ಮಕ್ಕಳ ಸಾಲಿಗೆ ಕಳಸೋ 'ಟೀಚ್ ಫಾರ್ ಇಂಡಿಯಾ' 2009ರಿಂದ ಐತಿ, ಆದ್ರ ಅದು ಮುಂಬೈ, ಪುಣೆ, ಬೆಂಗಳೂರಿನಂಥ ಶಹರದಾಗ. ನಮ್ಮ ಹಳ್ಳಿಗೆ ಇವರದ ಆಸರ.

2025ರ ಬಜೆಟ್‌ನ್ಯಾಗ 2,000 ಏರಿಸಿದ ಮ್ಯಾಲೆ ಪ್ರಾಥಮಿಕ ಸಾಲಿಯವರಿಗೆ ಗೌರವಧನ ತಿಂಗಳಿಗೆ 12,000 ರೂಪಾಯಿ. ಬ್ಯಾಸಿಗಿ ರಜಾಕ್ಕ ಅದೂ ಇಲ್ಲ. ಜೂನ್ ಬಂದ್ರ ಮತ್ತ ಹೊಸದಾಗಿ ಅರ್ಜಿ. ಹಿಂಗಾಗಿ ಚಲೋ ಕಲಸೋರು ವರ್ಷದಾಗ ಬ್ಯಾರೆ ಕೆಲಸ ಹಿಡೀತಾರ. ಕಬ್ಬು ಒಮ್ಮೆ ಹಚ್ಚಿ ನಾವು ಕುಳೆ ಬಿಡ್ತೀವಿ. ಮಕ್ಕಳಿಗೆ ಮಾತ್ರ ವರ್ಷಾ ವರ್ಷಾ ಹೊಸ ನಾಟಿ.

ಕಬ್ಬಿನ ಬಿಲ್ಲು 14 ದಿನದಾಗ ಕೊಡಬೇಕಂತ 1966ರ ಆದೇಶ ಐತಿ. ತಡ ಆದ್ರ ಫ್ಯಾಕ್ಟರಿ ಗೇಟಿಗೆ ಹೋಗಿ ಕೇಳ್ತೀವಿ. 2025ರ ನವೆಂಬರ್‌ನ್ಯಾಗ ಮುಧೋಳದಾಗ ದರಕ್ಕಾಗಿ ರೈತರು ಬೀದಿಗಿಳಿದ್ರು. ಈ ಮಾಸ್ತರ ಗೌರವಧನ ತಿಂಗಳುಗಟ್ಟಲೆ ತಡ ಆದ್ರ ಕೇಳೋರು ಯಾರು?

ಎಸ್‌ಡಿಎಂಸಿ ಅಂದ್ರ ಪಾಲಕರು, ಅಂದ್ರ ನಾವ. ಜೂನ್ ಮೊದಲ ವಾರದಾಗ ಸಭೆ ಕರೀರಿ. ಎಷ್ಟು ಹುದ್ದೆ ಖಾಲಿ, ಹೋದ ವರ್ಷದ ಗೌರವಧನ ಪೂರಾ ಬಂತೋ ಇಲ್ಲೋ, ಚಲೋ ಕಲಿಸಿದವರು ಮತ್ತ ಬರ್ತಾರೋ ಇಲ್ಲೋ, ಮೂರೂ ಠರಾವಿನ್ಯಾಗ ಬರಸಿ ಬಿಇಒ ಆಫೀಸಿಗೆ ಕೊಡ್ರಿ. ಪರ ಊರಿಂದ ಬಂದವರಿದ್ರ ಇರಾಕ ಒಂದು ಖೋಲಿ ನೋಡಿ ಕೊಡ್ರಿ. ನಿಮ್ಮೂರ ಸಾಲ್ಯಾಗ ಹ್ಯಾಂಗ ಐತಿ, ಕೆಳಗ ಬರೀರಿ.