ಫೀಡ್‌ಬ್ಯಾಕ್ ಲಾಗ್ ಎಲ್ಲಿ ಹೋಯ್ತು?

ನಮ್ಮ ಎಲ್ಲ ಸರ್ವರ್‌ಗಳ ಲಾಗ್ ಮೊದಲು ಒಂದೇ ಮೆಷಿನ್‌ಗೆ ಬಂದು ಬೀಳುತ್ತಿತ್ತು. ಅದನ್ನು ಹೋಸ್ಟ್‌ನೇಮ್ ನೋಡಿ ಬೇರ್ಪಡಿಸಿ, ಡೇಟಾಬೇಸ್‌ನದ್ದು ಒಂದು ಸರ್ವರ್‌ಗೆ, ಉಳಿದದ್ದೆಲ್ಲ ಇನ್ನೊಂದಕ್ಕೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಬಳಸಿದ್ದು ಆರ್‌ಸಿಸ್‌ಲಾಗ್, ರೈನರ್ ಗೆರ್ಹಾರ್ಡ್ಸ್ 2004ರಲ್ಲಿ ಶುರು ಮಾಡಿದ ತಂತ್ರಾಂಶ.

ಹೆಸರಿನಲ್ಲಿ ಎಲ್ಲಾದರೂ ‘ಡಿಬಿ’ ಇದ್ದರೆ ಡೇಟಾಬೇಸ್ ಲಾಗ್ ಸರ್ವರ್‌ಗೆ ಕಳಿಸು, ಆಮೇಲೆ ಸ್ಟಾಪ್. ಇಷ್ಟೇ ನಾನು ಬರೆದ ನಿಯಮ. ಸ್ಟಾಪ್ ಹಾಕದಿದ್ದರೆ ಅದೇ ಸಂದೇಶ ಕೆಳಗಿನ ನಿಯಮಕ್ಕೂ ಸಿಕ್ಕಿ ಎರಡೂ ಕಡೆ ಹೋಗುತ್ತದೆ. ಡೇಟಾಬೇಸ್ ಮೆಷಿನ್‌ಗಳಲ್ಲಿ ಲಾಗರ್ ಕಮಾಂಡ್ ಓಡಿಸಿ ನೋಡಿದೆ. ಎಲ್ಲವೂ ಸರಿಯಾದ ಜಾಗಕ್ಕೇ ಬಂದವು. ಟಿಕೆಟ್ ಕ್ಲೋಸ್.

ತಿಂಗಳೊಪ್ಪತ್ತಿನ ಮೇಲೆ ಇನ್ನೊಂದು ತಂಡದವರು, “ಸರ್, ನಮ್ಮ ಫೀಡ್‌ಬ್ಯಾಕ್ ಸರ್ವರ್‌ದು ಲಾಗೇ ಇಲ್ವಲ್ಲ” ಅಂದರು. ಸರ್ವರ್ ನೆಟ್ಟಗಿತ್ತು, ನೆಟ್‌ವರ್ಕ್ ನೆಟ್ಟಗಿತ್ತು, ಎರರ್ ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಆರ್‌ಸಿಸ್‌ಲಾಗ್ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿತ್ತು. ಫೀಡ್‌ಬ್ಯಾಕ್‌ನ ಇಂಗ್ಲಿಷ್ ಸ್ಪೆಲಿಂಗ್ ಬಿಡಿಸಿ ನೋಡಿ: ಎಫ್, ಇ, ಇ, ಡಿ, ಬಿ... ನಡುವೆಯೇ ಕೂತಿದೆ ಡಿಬಿ! ಅಷ್ಟೂ ಲಾಗ್ ಡೇಟಾಬೇಸ್ ಕಡೆಗೆ ಹೋಗಿತ್ತು. ಅಲ್ಲಿ ಏಳು ದಿನಕ್ಕಿಂತ ಹಳೆಯದನ್ನು ಅಳಿಸುವ ಏರ್ಪಾಟಿತ್ತು. ಅವರು ಕೇಳಿದ ದಿನಗಳ ಲಾಗ್ ಸಿಗಲೇ ಇಲ್ಲ. ಬರಬೇಕಾದ ಹೆಸರುಗಳನ್ನಷ್ಟೇ ನಾನು ಪರೀಕ್ಷಿಸಿದ್ದೆ, ಬರಬಾರದ ಒಂದನ್ನೂ ಅಲ್ಲ.

ಸರಿ, ರೆಜೆಕ್ಸ್ ಬರೆದೆ. ಶುರುವಿನಲ್ಲೇ ಡಿಬಿ, ಒಂದು ಅಡ್ಡಗೀಟು, ಆಮೇಲೆ ಅಂಕಿ, ಅಲ್ಲಿಗೆ ಹೆಸರು ಮುಗಿಯಬೇಕು. ‘ಉಳಿದದ್ದೆಲ್ಲ’ ಎಂಬ ಸಡಿಲ ನಿಯಮ ಕಿತ್ತು ಅಪ್ಲಿಕೇಶನ್ ಸರ್ವರ್‌ಗಳಿಗೂ ಹೀಗೇ ಬಿಗಿ ಮಾಡಿದೆ. ಯಾವುದಕ್ಕೂ ಸಿಗದ ಸಂದೇಶ ಬೀಳಲಿ ಎಂದು ತುದಿಯಲ್ಲಿ ಒಂದು ಫೈಲ್ ಇಟ್ಟೆ.

ಸಂಜೆ ಆ ಫೈಲ್ ತೆರೆದರೆ ಎರಡು ಡೇಟಾಬೇಸ್ ಮೆಷಿನ್‌ಗಳ ಲಾಗ್ ಅಲ್ಲಿ ಬಿದ್ದಿತ್ತು! ಅವು ಡೊಮೇನ್ ಸಮೇತ ಪೂರ್ತಿ ಹೆಸರು ಕಳಿಸುತ್ತಿದ್ದವು. ನನ್ನ ರೆಜೆಕ್ಸ್ ಅಂಕಿಗೇ ಬಾಗಿಲು ಹಾಕಿತ್ತು. ಹೋಸ್ಟ್‌ನೇಮ್ ಅಂದರೆ ಸಂದೇಶದೊಳಗೆ ಕಳಿಸುವವರು ಬರೆದ ಹೆಸರು, ಅವರು ಬರೆದಂತೆ. ಅದರ ಬದಲು ‘ಫ್ರಮ್‌ಹೋಸ್ಟ್’ ನೋಡೋಣವೆಂದರೆ, ಅದು ಸಂದೇಶವನ್ನು ನಮ್ಮ ಕೈಗೆ ಕೊಟ್ಟ ಮೆಷಿನ್‌ನ ಹೆಸರು ಹೇಳುತ್ತದೆ. ನಮ್ಮಲ್ಲಿ ಅರ್ಧಕ್ಕರ್ಧ ಲಾಗ್ ರಿಲೇ ಮೂಲಕ ಬರುವಂಥದ್ದು, ಎಲ್ಲಕ್ಕೂ ರಿಲೇಯ ಹೆಸರೇ. ಕೊನೆಗೆ ಅಂಕಿಯ ಮುಂದೆ ಡೊಮೇನ್ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂದು ರೆಜೆಕ್ಸ್ ತಿದ್ದಿದೆ. ತುದಿಯ ಫೈಲ್‌ಗೆ ಏನಾದರೂ ಬಿದ್ದರೆ ನನಗೊಂದು ಮೇಲ್ ಬರುವ ಹಾಗೆಯೂ ಮಾಡಿಕೊಂಡಿದ್ದೇನೆ.