ಹುಳುವಿನ ಜ್ವರ

ಹುಳುವಿಗೂ ಜ್ವರವೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ನಮ್ಮ ಕೈವಾರದ ಕಡೆ ರೇಷ್ಮೆಹುಳು ಪೊರೆ ಬಿಡುವುದಕ್ಕೆ ಜ್ವರವೆಂದೇ ಹೆಸರು. ಮೊಟ್ಟೆಯೊಡೆದು ಬಂದ ಮೇಲೆ ಗೂಡು ಕಟ್ಟುವ ತನಕ, ಸುಮಾರು 25 ದಿನಗಳಲ್ಲಿ, ಅದು ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ಮೊದಲೆರಡು ಚಾಕಿ ಕೇಂದ್ರದಲ್ಲೇ ಮುಗಿದಿರುತ್ತವೆ. ಉಳಿದೆರಡರ ಬಾಣಂತನ ನಮ್ಮಂಥವರದು.

ಗುರುತು ಸುಲಭ. ಸೊಪ್ಪು ಬಿಟ್ಟು, ತಲೆಯೆತ್ತಿ, ಜಪಕ್ಕೆ ಕೂತಂತೆ ಅಲ್ಲಾಡದೆ ಇದ್ದುಬಿಡುತ್ತದೆ. ಹಾಗೆ ಕೂರುವ ಮೊದಲು ನೂಲಿನ ಸಣ್ಣ ಎಳೆಗಳಿಂದ ಕಾಲುಗಳನ್ನು ಹಾಸಿಗೆಗೆ ಬಿಗಿದುಕೊಂಡಿರುತ್ತದೆ. ಹಳೆಯ ಚರ್ಮ ಅಲ್ಲೇ ಅಂಟಿಕೊಂಡಿದ್ದರೆ ತಾನೆ ಹುಳು ಅದರೊಳಗಿಂದ ತೆವಳಿ ಬರುವುದು? ಹಾಸಿಗೆ ಕೆದಕಿದಿರೋ, ಹಿಡಿತ ತಪ್ಪಿ ಹುಳು ಚರ್ಮದೊಳಗೇ ಸಿಕ್ಕಿಕೊಳ್ಳುತ್ತದೆ.

2021ರ ನವೆಂಬರಿನ ಜಡಿಮಳೆ ನಮ್ಮ ಕಡೆಯವರಿಗೆ ನೆನಪಿದ್ದೀತು. ಆಗಲೇ ನಮ್ಮ ಹುಳು ನಾಲ್ಕನೇ ಜ್ವರಕ್ಕೆ ಹೋಯಿತು. ಮಗಳ ಕಾಲೇಜಿನ ಫೀಸು ಆ ಬೆಳೆಯ ಮೇಲೇ ನಿಂತಿತ್ತು. ಒದ್ದೆ ಸೊಪ್ಪು, ಥಂಡಿ ಮನೆ. ಒಂದು ದಿನದಲ್ಲಿ ಏಳಬೇಕಾದವು ಎರಡನೇ ದಿನವೂ ಅರ್ಧಕ್ಕರ್ಧ ಜ್ವರದಲ್ಲೇ ಇದ್ದವು. ಎದ್ದವು ಹಸಿದು ತಲೆಯಾಡಿಸುತ್ತಿದ್ದವು.

"ಒಂದು ಹಿಡಿ ಸೊಪ್ಪಾದ್ರೂ ಉದುರ್ಸಮ್ಮ, ನೋಡೋಕಾಗಲ್ಲ" ಅಂದರು ಅತ್ತೆ.

ನನಗೂ ಸಂಕಟವೇ. ಆದರೆ ಏಳದವುಗಳ ಮೇಲೆ ಸೊಪ್ಪು ಬಿದ್ದರೆ ತೇವ ಇನ್ನೂ ಹೆಚ್ಚುತ್ತದೆ. ಮುಂದೆ ಹುಳು ಹಣ್ಣಾಗುವುದೂ ಹಿಂದುಮುಂದಾಗುತ್ತದೆ. "ತಡೀರಿ ಅತ್ತೆ" ಎಂದು, ತೆಳುಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ, ಹಾಸಿಗೆಯ ಮೇಲೆ ಮಂಜು ಬಿದ್ದಷ್ಟೇ ಉದುರಿಸಿದೆ. ಗಾಳಿಯಾಡಲೆಂದು ಕಿಟಕಿ ತೆರೆದೆ. ಹೊಗೆಯಿಲ್ಲದ ಕೆಂಡ ತಂದು ಮೂಲೆಗಿಟ್ಟೆ. ಅಷ್ಟೇ, ಬೇರೇನೂ ಮಾಡಲಿಲ್ಲ. ಸುಮ್ಮನಿರುವುದೇ ಕಷ್ಟದ ಕೆಲಸ ನೋಡಿ!

ಬಾಲದ ಹತ್ತಿರ ಚರ್ಮ ಸಿಕ್ಕಿಕೊಂಡಿದ್ದ ಒಂದನ್ನು ಕಂಡು ಮಗಳು ಹೇರ್‌ಪಿನ್ ತಂದಳು. ಬೇಡ ಕಣೆ ಅಂದೆ. ಒಳಗಿನ ಮೈ ಹಸುಗೂಸಿನದು, ಎಳೆದರೆ ಹರಿಯುತ್ತದೆ. ಅವಳು ಮುನಿಸಿಕೊಂಡೇ ಪಕ್ಕದಲ್ಲಿ ಕೂತಳು. ಆ ಹುಳು ಕೊನೆಗೂ ಉಳಿಯಲಿಲ್ಲ.

ಮೂರನೇ ಬೆಳಗ್ಗೆ ನೂರಕ್ಕೆ ತೊಂಬತ್ತೈದು ಎದ್ದಿದ್ದವು. ಏಳದವನ್ನು ಕಡ್ಡಿಯಿಂದ ಆರಿಸಿ ತೆಗೆದೆ. ಸೋಂಕುನಾಶಕದ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಿದೆ. ಭೀಮ ಬಕಾಸುರನನ್ನು ಕೊಂದದ್ದು ನಮ್ಮೂರಿನಲ್ಲೇ ಎನ್ನುತ್ತಾರಲ್ಲ, ಆ ಬಕನ ಹಸಿವೆಲ್ಲ ಇವಕ್ಕೇ ಬಂದಂತಿತ್ತು! ಹುಳು ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ನಾಲ್ಕನೇ ಜ್ವರ ಕಳೆದ ಮೇಲಿನದೇ.

ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದಾಗ ಗೂಡು ಮಾಮೂಲಿಗಿಂತ ತುಸು ಕಡಿಮೆಯೇ ತೂಗಿತು. ಫೀಸಂತೂ ಕಟ್ಟಿದೆವು. ಮಿಕ್ಕದ್ದರಲ್ಲಿ ಅತ್ತೆಗೊಂದು ಕಂಬಳಿ ಬಂತು.