ಹಿಂದಿನ ಬೆಂಚಿನ ಪ್ರಶ್ನೆ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ದೊಡ್ಡ ನಕ್ಷತ್ರ ಇಂಧನ ಮುಗಿದು ತನ್ನ ಭಾರಕ್ಕೆ ತಾನೇ ಕುಸಿದರೆ ಕಪ್ಪುಕುಳಿ ಆಗುತ್ತದೆ ಎಂದು ಪ್ರತಿ ವರ್ಷ ಹೇಳುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, "ಮಿಸ್, ನಕ್ಷತ್ರ ಆಗ್ದೇನೆ ಸೀದಾ ಕಪ್ಪುಕುಳಿ ಆಗಕ್ಕಾಗಲ್ವಾ?" ಅಂದಳು. ನನಗೋ ಪೋರ್ಷನ್ ಮುಗಿಸುವ ಅವಸರ. "ತಲೆಹರಟೆ ಮಾಡ್ಬೇಡ, ಕೂತ್ಕೋ" ಅಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಆ ವರ್ಷ ಅವಳು ಮತ್ತೆ ಕೈ ಎತ್ತಲಿಲ್ಲ.

ನಿವೃತ್ತಿಯಾದ ಮೇಲೆ ಮೊಮ್ಮಗನ ಪ್ರಾಜೆಕ್ಟಿಗೆಂದು ಓದುತ್ತಾ ಕೂತಾಗ ಅದೇ ಪ್ರಶ್ನೆ ಎದುರಾಯಿತು. 2023ರಲ್ಲಿ ಚಂದ್ರಾ ಎಕ್ಸ್‌ರೇ ದೂರದರ್ಶಕ ಮತ್ತು ಜೇಮ್ಸ್ ವೆಬ್ ದೂರದರ್ಶಕದ ನೆರವಿನಿಂದ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯಲ್ಲಿ ಒಂದು ಕಪ್ಪುಕುಳಿ ಪತ್ತೆಯಾಗಿತ್ತು. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. ಅಲ್ಲಿಂದ ನಮಗೆ ಬಂದು ಮುಟ್ಟಿದ ಬೆಳಕು ವಿಶ್ವಕ್ಕೆ ಬರೀ 47 ಕೋಟಿ ವರ್ಷವಾಗಿದ್ದಾಗ ಹೊರಟದ್ದು. ಆಗಲೇ ಅದರ ತೂಕ ಒಂದರಿಂದ ಹತ್ತು ಕೋಟಿ ಸೂರ್ಯರಷ್ಟು ಅಂತ ಅಂದಾಜು!

ಮೊದಲ ನಕ್ಷತ್ರಗಳು ಸತ್ತು ಹುಟ್ಟಿದ ಕುಳಿಗಳು ಹತ್ತಿಪ್ಪತ್ತು, ನೂರು ಸೂರ್ಯರಷ್ಟು ತೂಗಿದ್ದಿರಬಹುದು. ಅವು ಅನಿಲ ನುಂಗುತ್ತಾ ಬೆಳೆಯಬೇಕು. ನುಂಗುವಾಗ ಸುತ್ತಲಿನ ಅನಿಲ ಕಾದು ಹೊಳೆಯುತ್ತದೆ. ಆ ಬೆಳಕೇ ಹಿಂದೆ ಬರುವ ಅನಿಲವನ್ನು ಆಚೆ ತಳ್ಳುತ್ತದೆ. ಹಾಗಾಗಿ ಅಷ್ಟು ಬೇಗ ಅಷ್ಟು ದೊಡ್ಡದಾಗುವುದು ಬಲು ಕಷ್ಟ.

ಇನ್ನೊಂದು ದಾರಿಯೂ ಇದೆಯಂತೆ. ಆಗಿನ ಅನಿಲದ ಮೋಡಗಳಲ್ಲಿ ಇದ್ದದ್ದು ಬಹುತೇಕ ಹೈಡ್ರೋಜನ್, ಹೀಲಿಯಂ. ಪಕ್ಕದ ಗ್ಯಾಲಕ್ಸಿಯ ಅತಿನೇರಳೆ ಬೆಳಕು ಬಿದ್ದು ಹೈಡ್ರೋಜನ್ ಅಣುಗಳು ಒಡೆದುಹೋದರೆ ಮೋಡ ಸಾಕಷ್ಟು ತಣ್ಣಗಾಗುವುದಿಲ್ಲ. ತಣ್ಣಗಾಗದಿದ್ದರೆ ಚೂರುಚೂರಾಗಿ ನಕ್ಷತ್ರಗಳೂ ಆಗುವುದಿಲ್ಲ. ಇಡೀ ಮೋಡವೇ ಕುಸಿದು ಹತ್ತು ಸಾವಿರದಿಂದ ಲಕ್ಷ ಸೂರ್ಯರ ತೂಕದ ಕುಳಿಯಾಗಬಹುದು. ಇಂಥ ಕುಳಿ ಇರುವ ಗ್ಯಾಲಕ್ಸಿ ಹೇಗೆ ಕಾಣುತ್ತದೆಂದು ಕೊಯಮತ್ತೂರಿನಲ್ಲಿ ಹುಟ್ಟಿದ ಪ್ರಿಯಂವದಾ ನಟರಾಜನ್ ಮತ್ತು ಸಂಗಡಿಗರು 2017ರಲ್ಲೇ ಲೆಕ್ಕ ಹಾಕಿದ್ದರು. ಯುಎಚ್‌ಝಡ್1 ಅದಕ್ಕೆ ಹೊಂದಿಕೆಯಾಯಿತು.

ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ನಾನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೆ. "ನಂಗೂ ಗೊತ್ತಿಲ್ಲ ಕಣೇ, ಹುಡುಕೋಣ" ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಅವಳ ಹೆಸರು ನೆನಪಿದೆ, ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಇದು ಅವಳ ಕಣ್ಣಿಗೆ ಬಿದ್ದರೆ ಇಷ್ಟು ಹೇಳಬೇಕು: ಒಳ್ಳೆ ಪ್ರಶ್ನೇನೇ ಕೇಳಿದ್ದೆ ಕಣಮ್ಮ. ಕೂರಿಸಿದ್ದು ನನ್ನ ತಪ್ಪು.